ಕೊನೆಯಲ್ಲಿ ಬರುವವಳು

ಚೊಂಗ್ಜು ಊರಿನ ಮುಂಜಾವು ಚಾರಣ ಸಂಘದಲ್ಲಿ ಮಾಲ್ಸುನ್‌ಗೆ ಒಪ್ಪಿಸಿದ ಕೆಲಸ ಒಂದೇ: ಎಲ್ಲರಿಗಿಂತ ಹಿಂದೆ ನಡೆಯುವುದು. ಇದೇನು ಮಹಾ ಕೆಲಸ ಅನ್ನಿಸಬಹುದು. ಮುಂದೆ ನಡೆಯುವವನಿಗೆ ಶಿಖರದ ಮೊದಲ ಫೋಟೋ, ಮೊದಲ ಲೋಟ ಮಕ್ಕೊಲ್ಲಿ ಅಕ್ಕಿಹೆಂಡ, ಹೋದಲ್ಲೆಲ್ಲ ಹೊಗಳಿಕೆ. ಹಿಂದೆ ನಡೆಯುವವಳಿಗೆ ಸಿಗುವುದು ಊರವರ ಮೊಣಕಾಲು ನೋವಿನ ಪುರಾಣ, ಬಿಚ್ಚಿಹೋದ ಬೂಟಿನ ದಾರ, ‘ಇನ್ನೆಷ್ಟು ದೂರ’ ಎಂಬ ಮುಗಿಯದ ಪ್ರಶ್ನೆ. ಆದರೂ ಆ ಜಾಗವನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ವಾರವಿಡೀ ಮಾರುಕಟ್ಟೆಯ ತನ್ನ ಪುಟ್ಟ ಅಂಗಡಿಯಲ್ಲಿ ಕಿಮ್ಚಿ, ಬೇಯಿಸಿದ ಸೊಪ್ಪು, ಸೋಯಾ ಸಾರಿನಲ್ಲಿ ಬತ್ತಿಸಿದ ಕಪ್ಪು ಕಾಳು ಮಾರುತ್ತ ಗಿರಾಕಿಗಳ ಗೊಣಗಾಟ ಕೇಳುವವಳಿಗೆ ಭಾನುವಾರದ ಬೆಟ್ಟದಲ್ಲಿ ಒಂದು ಹೆಮ್ಮೆ ಇತ್ತು. ಮಾಲ್ಸುನ್ ಇಳಿದು ಬಂದಳೆಂದರೆ ಬೆಟ್ಟದ ಮೇಲೆ ಸಂಘದವರು ಯಾರೂ ಉಳಿದಿಲ್ಲ ಎಂದು ಅರ್ಥ. ಬಸ್ಸಿನ ಚಾಲಕ ಅವಳ ಮುಖ ಕಂಡ ಮೇಲೆಯೇ ಎಂಜಿನ್ ಚಾಲೂ ಮಾಡುತ್ತಿದ್ದ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಮುಂದಾಳು ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ಬಾಣದ ಗುರುತಿರುವ ಹಳದಿ ಹಾಳೆಯೊಂದನ್ನು ನೆಲದ ಮೇಲಿಟ್ಟು, ಹಾರಿಹೋಗದಂತೆ ಕಲ್ಲು ಹೇರಿ ಮುಂದೆ ಹೋಗುತ್ತಾನೆ. ನಡುವಿನವರು ಬಾಣ ನೋಡಿಕೊಂಡು ತಿರುಗುತ್ತಾರೆ. ಕೊನೆಯಲ್ಲಿ ಬರುವ ಮಾಲ್ಸುನ್ ಅದನ್ನು ಹೆಕ್ಕಿ ಜೇಬಿಗೆ ಸೇರಿಸುತ್ತಾಳೆ. ಬೆಟ್ಟದಲ್ಲಿ ಕಸ ಉಳಿಯಬಾರದು, ನಾಳೆ ಬರುವ ಬೇರೆ ಸಂಘದವರು ನಮ್ಮ ಬಾಣ ಹಿಡಿದು ಎಲ್ಲೋ ಹೋಗಬಾರದು. ಎಲ್ಲ ಸಂಘಗಳೂ ನಡೆಸಿಕೊಂಡು ಬಂದ ಪದ್ಧತಿ ಇದು.

ಸಂಘಕ್ಕೆ ಸೇರುವಾಗ ಎಲ್ಲರೂ ಒಂದೊಂದು ಅಡ್ಡಹೆಸರು ಇಟ್ಟುಕೊಳ್ಳಬೇಕು. ನಿಜವಾದ ಹೆಸರು, ಉದ್ಯೋಗ, ವಯಸ್ಸು ಯಾರೂ ಕೇಳುವ ಹಾಗಿಲ್ಲ. ವಯಸ್ಸು ಬಾಯಿಬಿಟ್ಟರೆ ಸಾಕು, ಯಾರು ಅಣ್ಣ, ಯಾರು ತಮ್ಮ, ಯಾರು ಯಾರಿಗೆ ತಲೆ ತಗ್ಗಿಸಬೇಕು, ಯಾರ ಲೋಟಕ್ಕೆ ಯಾರು ಸುರಿಯಬೇಕು ಎಂಬ ರಗಳೆ ಬೆಟ್ಟಕ್ಕೂ ಹತ್ತುತ್ತದೆ. ಅದು ಬೇಡವೆಂದೇ ಈ ಏರ್ಪಾಡು. ಹಾಗಾಗಿ ಮುಂದಾಳು ಬರೀ ‘ಗಿಡುಗ’. ಅವನ ಹೊಟ್ಟೆ ನೋಡಿದವರಿಗೆ ಆ ಹೆಸರು ಯಾಕೆ ಹೊಳೆಯಿತೋ ತಿಳಿಯದು. ಸದಾ ಏನಾದರೊಂದು ಅಗಿಯುತ್ತಿರುವ ದಪ್ಪ ಗಂಡಸು ‘ಸಿಹಿಗೆಣಸು’. ಮಾಲ್ಸುನ್ ಇಲ್ಲಿ ‘ಬಂಡೆ’. ಹೋದ ಶರತ್ಕಾಲದಲ್ಲಿ ಸೇರಿದ, ತೆಳ್ಳಗೆ ಕುಳ್ಳಗಿದ್ದ ಹೆಂಗಸು ‘ಗುಬ್ಬಚ್ಚಿ’.

ಆ ಗುಬ್ಬಚ್ಚಿಗೆ ಇದು ಮೊದಲ ಹಿಮದ ಬೆಟ್ಟ. ಸೊರಿಬೊಂಗ್ ಶಿಖರದ ಏರಿನಲ್ಲಿ ಜಾರದಂತೆ ಬೂಟಿನಡಿಗೆ ಕಟ್ಟಿದ ಉಕ್ಕಿನ ಮುಳ್ಳುಗಳು ಅವಳಿಗೆ ಒಂದು ನಿಮಿಷ ನೆಟ್ಟಗೆ ನಿಲ್ಲಲಿಲ್ಲ. ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು, ಅವಳು ಕೂರುತ್ತಿದ್ದಳು, ಕೈಗವಸು ಬಿಚ್ಚಿ ಕಟ್ಟುತ್ತಿದ್ದಳು, ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಮತ್ತೆ ಅದೇ ಕಥೆ. ಹಿಂದೆ ನಿಂತ ಮಾಲ್ಸುನ್‌ಳ ಬೆರಳುಗಳು ಮರಗಟ್ಟುತ್ತಿದ್ದವು.

“ಗುಬ್ಬಚ್ಚಿಯವರೇ, ಹೀಗೆ ಹೆಜ್ಜೆಗೊಂದ್ಸಲ ಕೂತ್ಕೊಂಡ್ರೆ ನಾವು ಮೇಲೆ ಮುಟ್ಟೋ ಹೊತ್ತಿಗೆ ಹಿಮ ಕರಗಿ ಹೂವೇ ಬಿಟ್ಟಿರುತ್ತೆ,” ಎಂದಳು.

ಮುಂದಿದ್ದ ಸಿಹಿಗೆಣಸು ಹೊಟ್ಟೆ ಕುಣಿಸುತ್ತ ನಕ್ಕ. ಗುಬ್ಬಚ್ಚಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆದರೆ ಟೋಪಿಯ ಅಂಚಿನಲ್ಲಿ ಕಾಣುತ್ತಿದ್ದ ಕಿವಿ ಕೆಂಪಾಯಿತು.

“ನನ್ನಿಂದ ಎಲ್ರಿಗೂ ತೊಂದ್ರೆ.”

“ತೊಂದ್ರೆ ಏನಿಲ್ಲ. ಸ್ವಲ್ಪ ಬೇಗ ನಡೀರಿ, ಅಷ್ಟೇ.”

ಆ ಕೊನೆಯ ಮಾತು ಬೇಕಿರಲಿಲ್ಲ ಎಂದು ಮಾಲ್ಸುನ್‌ಗೆ ಆಗಲೇ ಅನ್ನಿಸಿತು. ಅನ್ನಿಸಿದ್ದೆಲ್ಲ ಹೇಳುವ ಬಾಯಿ ಅವಳದು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಮಾತ್ರ ಆ ಬಾಯಿಗೆ ಇರಲಿಲ್ಲ.

ಶಿಖರದ ಕಲ್ಲಿನ ಮುಂದೆ ಫೋಟೋ ತೆಗೆಸಿಕೊಂಡು, ಗಾಳಿ ತಗ್ಗಿದ ಮಗ್ಗುಲಿಗೆ ಇಳಿದು ಎಲ್ಲರೂ ಊಟಕ್ಕೆ ಕೂತರು. ಏಳೆಂಟು ಜನಕ್ಕೊಂದರಂತೆ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ತಲೆಯ ಮೇಲಿಂದ ಎಳೆದುಕೊಂಡು, ಅಂಚನ್ನು ಕುಂಡೆಯಡಿ ಸಿಕ್ಕಿಸಿಕೊಂಡರೆ ಅದೇ ಮನೆ. ಒಳಗೆ ರಾಮ್ಯನ್ ಶ್ಯಾವಿಗೆ ಕುದಿಯುವ ಹಬೆ, ಒದ್ದೆ ಕಾಲುಚೀಲದ ವಾಸನೆ, ಪಕ್ಕದವರ ಮೊಣಕೈ. ಗುಬ್ಬಚ್ಚಿ ತನ್ನ ಕಿಂಬಾಪ್ ಅನ್ನದ ಸುರುಳಿಯ ತುಂಡುಗಳಿಂದ ಸೌತೆಕಾಯಿಯನ್ನು ಹುಷಾರಾಗಿ ಹೊರಗೆ ತಳ್ಳಿ, ಉಳಿದದ್ದನ್ನು ಗಬಗಬ ನುಂಗಿ ಎದ್ದಳು.

“ನಾನು ಸ್ವಲ್ಪ ಮುಂಚೆನೇ ಹೊರಡ್ತೀನಿ. ಇವತ್ತು ಇಳಿಯೋವಾಗ ಯಾರೂ ನನಗೋಸ್ಕರ ಕಾಯೋದು ಬೇಡ.”

ಅವಳು ಅಂಚೆತ್ತಿ ನುಸುಳುವಾಗ ಹೊರಗಿನ ಚಳಿಯೆಲ್ಲ ಒಳಗೆ ನುಗ್ಗಿತು. “ಬಾಗಿಲು ಹಾಕ್ರೀ!” ಎಂದು ಎಲ್ಲರೂ ಕಿರುಚಿದರು. ಬಿಸಿ ರಾಮ್ಯನ್ ಬಾಯಲ್ಲಿದ್ದ ಮಾಲ್ಸುನ್, ಸದ್ಯ ಒಂದು ಭಾರ ಇಳಿಯಿತು ಎಂದುಕೊಂಡಳು.

ಎಲ್ಲರೂ ಹೊರಟ ಮೇಲೆ ಅವಳು ಪ್ಲಾಸ್ಟಿಕ್ ಚೀಲ ಮಡಿಸಿ, ಹಿಮದಲ್ಲಿ ಬಿದ್ದ ಟಿಶ್ಯೂ ಚೂರುಗಳನ್ನು ಹೆಕ್ಕಿ, ಎಂದಿನಂತೆ ಕೊನೆಯಲ್ಲಿ ಇಳಿದಳು. ಪೈನ್ ಮರಗಳ ನಡುವೆ ದೂರದಲ್ಲಿ ಕಿತ್ತಳೆ ಬಣ್ಣದ ಹೊದಿಕೆಯ ಬೆನ್ನುಚೀಲವೊಂದು ಬಳುಕುತ್ತ ಹೋಗುತ್ತಿತ್ತು. ಗುಬ್ಬಚ್ಚಿಯ ಚೀಲಕ್ಕೂ ಅದೇ ಹೊದಿಕೆ. ಪರವಾಗಿಲ್ಲವೇ, ಈ ಹೆಂಗಸು ಇವತ್ತು ಚುರುಕಾಗಿದ್ದಾಳೆ ಎಂದು ಮಾಲ್ಸುನ್ ಮೆಚ್ಚಿಕೊಂಡಳು. ಆ ಹೊದಿಕೆಗಳನ್ನು ಸಂಘದವರೆಲ್ಲ ಸೇರಿ ಒಟ್ಟಿಗೆ ತರಿಸಿದ್ದೆಂದು, ಅರ್ಧ ಸಂಘದ ಬೆನ್ನ ಮೇಲೆ ಅದೇ ಕಿತ್ತಳೆ ಇದೆಯೆಂದು ಅವಳಿಗೆ ಗೊತ್ತಿಲ್ಲದೆ ಏನಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಸ್ವಲ್ಪ ಕೆಳಗೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ತಿರುಗಿದರೆ ಕಣಿವೆ, ಬಸ್ಸು ನಿಂತ ಜಾಗ. ಬಲಕ್ಕೆ ಹೋದರೆ ಬೆಟ್ಟಸಾಲಿನ ಏಣಿನ ಮೇಲೆ ಬಲು ದೂರ ನಡೆದು ಪಕ್ಕದ ಜಿಲ್ಲೆಗೆ ಇಳಿಯಬೇಕು. ಬೆಳಿಗ್ಗೆ ಬೇರೆ ಯಾವುದೋ ಸಂಘ ಬಲಕ್ಕೆ ಹೋಗಿತ್ತು. ಎರಡೂ ಕಡೆ ಹಿಮ ಒಂದೇ ಸಮ ತುಳಿದು ಹೋಗಿತ್ತು. ನಡುವೆ ಹಳದಿ ಹಾಳೆ, ಅದರ ಮೇಲೆ ಕಲ್ಲು. ಮಾಲ್ಸುನ್ ಬಗ್ಗಿ ಕಲ್ಲು ಸರಿಸಿ, ಹಾಳೆಯ ಹಿಮ ಕೊಡವಿ ಜೇಬಿಗಿಟ್ಟು, ಎಡಕ್ಕೆ ತಿರುಗಿದಳು.

ಕೆಳಗೆ ಬಂದಾಗ ಜನ ಬೂಟಿಗೆ ಗಾಳಿ ಹೊಡೆಯುವ ಯಂತ್ರದ ಮುಂದೆ ಸಾಲಾಗಿ ನಿಂತು ಹಿಮ ಹಾರಿಸಿಕೊಳ್ಳುತ್ತಿದ್ದರು. ಅರ್ಧ ಜನ ಆಗಲೇ ಎದುರಿನ ಹೋಟೆಲಿನಲ್ಲಿ ಬಿಸಿ ತೋಫು ಸಾರಿನ ಮುಂದೆ. ಬಸ್ಸಿನ ಚಾಲಕ ಅವಳನ್ನು ಕಂಡು ಸಿಗರೇಟು ಆರಿಸಿ ಬಸ್ಸು ಹತ್ತಿದ. ಬೆಳಗಿನ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ ಮಾಲ್ಸುನ್ ತನ್ನ ಚೀಲದಿಂದ ಕಪ್ಪು ಕಾಳಿನ ಡಬ್ಬಿ ತೆಗೆದು ಗುಬ್ಬಚ್ಚಿಯನ್ನು ಹುಡುಕಿದಳು. ಕ್ಷಮೆ ಕೇಳಲು ಬಾರದವರು ತಿನ್ನಲು ಕೊಡುತ್ತಾರೆ.

ಬಸ್ಸಿನಲ್ಲಿ ಗುಬ್ಬಚ್ಚಿ ಇರಲಿಲ್ಲ. ಹೋಟೆಲಿನಲ್ಲಿ ಇರಲಿಲ್ಲ. ಹೆಂಗಸರ ಶೌಚಾಲಯದ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದಳು, ಅಲ್ಲೂ ಇರಲಿಲ್ಲ.

“ಗುಬ್ಬಚ್ಚಿಯವರನ್ನ ನೋಡಿದ್ರಾ?”

“ಅವರು ಎಲ್ಲರಿಗಿಂತ ಮುಂಚೆನೇ ಇಳಿದ್ರಲ್ಲ,” ಎಂದ ಸಿಹಿಗೆಣಸು, ತೋಫು ಬಾಯಲ್ಲಿಟ್ಟುಕೊಂಡೇ.

“ದಾರೀಲಿ ನಿಮ್ಮನ್ನ ದಾಟಿ ಹೋದ್ರಾ?”

“ನನ್ನನ್ನಾ? ಇಲ್ಲಪ್ಪ. ಇಳಿಯೋವಾಗ ನಾನೇ ಎಲ್ಲರಿಗಿಂತ ಹಿಂದೆ ಇದ್ದೆ, ನಿಮ್ಮನ್ನ ಬಿಟ್ರೆ.”

ಅವನ ಕುರ್ಚಿಯ ಪಕ್ಕದಲ್ಲಿ ಕಿತ್ತಳೆ ಹೊದಿಕೆಯ ಚೀಲ ಒರಗಿತ್ತು. ಮಾಲ್ಸುನ್ ಮರಗಳ ನಡುವೆ ಕಂಡದ್ದು ಇದನ್ನೇ. ಮುಂದಾಳು ಗಿಡುಗ ಎದ್ದು ಮೇಜಿನಿಂದ ಮೇಜಿಗೆ ಕೇಳುತ್ತ ಹೋದ. ಗುಬ್ಬಚ್ಚಿ ಚೀಲದ ಮನೆಯಿಂದ ನುಸುಳಿದ್ದನ್ನು ಕಂಡವರಿದ್ದರು. ಆಮೇಲೆ ಕಂಡವರು ಒಬ್ಬರೂ ಇಲ್ಲ. ಅವಳು ದಾರಿ ಬಿಟ್ಟು ಎಲ್ಲೋ ಮರದ ಹಿಂದೆ ಹೋಗಿರಬೇಕು, ಆ ಹೊತ್ತಿನಲ್ಲಿ ಸಂಘವೆಲ್ಲ ಅವಳನ್ನು ದಾಟಿ ಇಳಿದಿರಬೇಕು. ಹಾಗಾದರೆ ಅವಳು ತನ್ನ ಹಿಂದಿದ್ದಳು ಎಂದು ಮಾಲ್ಸುನ್‌ಗೆ ಹೊಳೆಯಿತು. ತನ್ನ ಹಿಂದೆ ಯಾರೂ ಇರಬಾರದ ಜಾಗದಲ್ಲಿ ಅವಳಿದ್ದಳು, ಮತ್ತು ಅವಳಿಗೆ ದಾರಿ ತೋರಿಸಬೇಕಿದ್ದ ಬಾಣ ತನ್ನ ಜೇಬಿನಲ್ಲಿತ್ತು.

ಗುಬ್ಬಚ್ಚಿಯ ಮೊಬೈಲ್ ಆಫ್ ಆಗಿತ್ತು. ಆ ಚಳಿಯಲ್ಲಿ ಬ್ಯಾಟರಿ ಬದುಕಿದ್ದರೇ ಆಶ್ಚರ್ಯ. ಗಿಡುಗ ತುರ್ತು ಸೇವೆಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

“ಕಾಣೆಯಾದವರ ಹೆಸರು ಹೇಳಿ,” ಎಂದಿತು ಆ ಕಡೆಯ ಯುವ ದನಿ.

“ಗುಬ್ಬಚ್ಚಿ.”

“ಸರ್, ಹಕ್ಕಿ ಕಳೆದುಹೋಗಿದ್ಯಾ?”

“ಹಕ್ಕಿಯಲ್ಲ ಸ್ವಾಮಿ, ಮನುಷ್ಯರು! ಹೆಂಗಸು!”

“ಸರಿ, ಅವರ ನಿಜವಾದ ಹೆಸರು?”

“ಅದು... ನಮಗೆ ಗೊತ್ತಿಲ್ಲ.”

“ವಯಸ್ಸು?”

“ಕೇಳಿಲ್ಲ. ನಮ್ಮಲ್ಲಿ ಕೇಳೋ ಹಾಗಿಲ್ಲ.”

“ಏನಾದ್ರೂ ಕಾಯಿಲೆ? ಮನೆಯವರ ನಂಬರ್?” ಗಿಡುಗ ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದ, ಫೋನಿನಲ್ಲಿ ತಲೆ ಕಾಣುವುದಿಲ್ಲ ಎಂಬುದೂ ಮರೆತು. “ಹಲೋ? ಮಾತಾಡ್ತಾ ಇರೋರು ಯಾರು?”

“ನಾನು ಗಿಡುಗ.”

“ಸರ್,” ಎಂದಿತು ದನಿ, ತುಂಬ ತಾಳ್ಮೆಯಿಂದ, “ಕುಡೀದೇ ಇರೋರು ಯಾರಾದ್ರೂ ಪಕ್ಕದಲ್ಲಿದ್ರೆ ಫೋನ್ ಕೊಡ್ತೀರಾ?”

ಬೇರೆ ದಿನವಾಗಿದ್ದರೆ ಇಡೀ ಹೋಟೆಲು ಬಿದ್ದು ಬಿದ್ದು ನಗುತ್ತಿತ್ತು. ಆ ಸಂಜೆ ಯಾರೂ ನಗಲಿಲ್ಲ. ಮಾಲ್ಸುನ್ ಫೋನ್ ಕಿತ್ತುಕೊಂಡು ಜಾಗ, ದಾರಿ, ಕವಲು ಎಲ್ಲ ಹೇಳಿದಳು. ಆ ಹೆಂಗಸಿನ ಬಗ್ಗೆ ಹೇಳಲು ಹೋದರೆ ಬಾಯಿಗೆ ಬಂದದ್ದು ಏನು? ಸೌತೆಕಾಯಿ ತಿನ್ನುವುದಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಇದನ್ನು ಯಾವ ರಕ್ಷಣಾ ಪಡೆಗೆ ಹೇಳುವುದು? ಅವರು ಹೊರಟು ಬರಲು ಮುಕ್ಕಾಲು ಗಂಟೆಯಾದರೂ ಬೇಕು ಎಂದರು. ಕಣಿವೆಯಲ್ಲಿ ಬಿಸಿಲು ಆಗಲೇ ಎದುರು ಗುಡ್ಡದ ತುದಿಗೆ ಏರಿತ್ತು.

ಮಾಲ್ಸುನ್ ಬಿಚ್ಚಿಟ್ಟಿದ್ದ ಉಕ್ಕಿನ ಮುಳ್ಳುಗಳನ್ನು ಮತ್ತೆ ಬೂಟಿಗೆ ಕಟ್ಟತೊಡಗಿದಳು.

“ಬಂಡೆಯವರೇ, ಅವರು ಬರಲಿ. ಕತ್ತಲಾಗ್ತಾ ಇದೆ,” ಎಂದ ಗಿಡುಗ.

“ಕತ್ತಲಾಗ್ತಾ ಇದೆ ಅಂತಾನೇ ಹೋಗ್ತಿರೋದು. ಬಾಣ ಎತ್ಕೊಂಡು ಬಂದೋಳು ನಾನು. ನೀವು ಇಲ್ಲೇ ಇದ್ದು ಅವರಿಗೆ ದಾರಿ ಹೇಳಿ.”

“ಒಬ್ರೇ ಹೋಗ್ಬೇಡಿ, ನಾನೂ ಬಂದೆ!” ಎಂದು ಸಿಹಿಗೆಣಸು ತೋಫು ನುಂಗಿ ಎದ್ದ. ಅವನ ಕೈಗೊಂದು ವಾಕಿಟಾಕಿ, ಅವಳ ಕೈಗೊಂದು, ಕೆಳಗೆ ಗಿಡುಗನ ಬಳಿ ಒಂದು. ಆದರೆ ಮೊದಲ ಏರಿನಲ್ಲೇ ಅವನ ಏದುಸಿರು ಹಿಂದೆ ಬಿತ್ತು. ಎರಡನೇ ಏರಿನ ಹೊತ್ತಿಗೆ ಅವನ ದನಿ ವಾಕಿಟಾಕಿಯಲ್ಲಷ್ಟೇ ಉಳಿಯಿತು.

ಇಷ್ಟು ವರ್ಷ ಎಲ್ಲರ ಹಿಂದೆ ನಿಧಾನ ನಡೆದ ಹೆಂಗಸು ಆ ಸಂಜೆ ಏರಿದ ವೇಗ ನೋಡಿದ್ದರೆ ಗಿಡುಗ ಮುಂದಾಳುತನ ಬಿಟ್ಟುಕೊಡುತ್ತಿದ್ದ. ಗಂಟಲು ಉರಿಯುತ್ತಿತ್ತು, ಕಣ್ಣ ರೆಪ್ಪೆಯ ಮೇಲೆ ಉಸಿರು ಹೆಪ್ಪುಗಟ್ಟುತ್ತಿತ್ತು. ‘ಗುಬ್ಬಚ್ಚೀ!’ ಎಂದು ಕೂಗುತ್ತಿದ್ದಳು. ಹಿಮ ಹೊದ್ದ ಬೆಟ್ಟ ಕೂಗನ್ನು ನುಂಗಿಕೊಂಡು ಸುಮ್ಮನಿರುತ್ತಿತ್ತು. ಒಬ್ಬ ಹೆಂಗಸನ್ನು ಕರೆಯಲು ತನ್ನ ಬಳಿ ಇರುವುದು ಒಂದು ಆಟದ ಹೆಸರು ಮಾತ್ರ ಎಂದು ನೆನೆದು ಅವಳಿಗೆ ನಾಚಿಕೆಯಾಯಿತು. ಮನೆಯಲ್ಲಿ ಯಾರು ಕಾಯುತ್ತಿದ್ದಾರೋ. ಸ್ವಲ್ಪ ಬೇಗ ನಡೀರಿ ಎಂದು ತಾನು ಅಂದಿರದಿದ್ದರೆ ಆಕೆ ಒಬ್ಬಳೇ ಎದ್ದು ಹೋಗುತ್ತಿರಲಿಲ್ಲ. ಬಲಕ್ಕೆ ತಿರುಗಿದ್ದರೆ? ಆ ಏಣಿನ ಗಾಳಿಯಲ್ಲಿ, ಆ ಬಿಚ್ಚುವ ಪಟ್ಟಿಗಳಲ್ಲಿ, ಕತ್ತಲಲ್ಲಿ? ಮುಂದಿನದನ್ನು ಯೋಚಿಸಲು ಮಾಲ್ಸುನ್‌ಗೆ ಧೈರ್ಯ ಬರಲಿಲ್ಲ. ಬಲಕ್ಕೆ ಮಾತ್ರ ತಿರುಗಿರಬೇಡ, ಬಲಕ್ಕೆ ಮಾತ್ರ ತಿರುಗಿರಬೇಡ ಎಂದು ಹೆಜ್ಜೆ ಹೆಜ್ಜೆಗೂ ಗೊಣಗುತ್ತ ಏರಿದಳು.

ಕವಲಿಗೆ ಇನ್ನೊಂದು ತಿರುವಿದೆ ಎನ್ನುವಾಗ ಅವಳಿಗೆ ಒಂದು ದನಿ ಕೇಳಿಸಿತು. ನಿಂತು ಟೋಪಿಯನ್ನು ಕಿವಿಯಿಂದ ಎತ್ತಿದಳು.

“...ಐದು, ಆರು, ಏಳು, ಎಂಟು! ಒಂದು, ಎರಡು, ಮೂರು, ನಾಲ್ಕು...”

ಪ್ರಾಥಮಿಕ ಶಾಲೆಯಲ್ಲಿ ಬೆಳಿಗ್ಗೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಮಾಡಿಸುತ್ತಿದ್ದ ಕವಾಯತಿನ ಎಣಿಕೆ. ಅದೇ ರಾಗ, ಅದೇ ಜೋರು. ಮಾಲ್ಸುನ್ ತಿರುವು ದಾಟಿ ನೋಡಿದರೆ, ಕವಲಿನ ನಟ್ಟನಡುವೆ, ಮೈಸುತ್ತ ಮಳೆಯಂಗಿ ಸುತ್ತಿಕೊಂಡು, ಮೂಗು ಕೆಂಪಗೆ ಮಾಡಿಕೊಂಡು, ಗುಬ್ಬಚ್ಚಿ ಎರಡೂ ಕೈ ಅಗಲಿಸಿ ಸೊಂಟ ತಿರುಗಿಸುತ್ತಿದ್ದಳು. ಅವಳ ಕಾಲಡಿಯ ಹಿಮ ಒಂದು ಚಾಪೆಯಗಲ ಗಟ್ಟಿಯಾಗಿ ತುಳಿದು ಹೋಗಿತ್ತು.

ಹೋದ ಜೀವ ಬಂದಂತಾಯಿತು ಮಾಲ್ಸುನ್‌ಗೆ. ಪಕ್ಕದ ಮರವನ್ನು ತಬ್ಬಿಕೊಂಡು ನಿಂತಳು. ಕೊಂಬೆಯ ಹಿಮವೆಲ್ಲ ಅವಳ ಕತ್ತಿನೊಳಗೆ ಬಿತ್ತು, ಅದೂ ಹಿತವಾಗಿಯೇ ಇತ್ತು.

ಸೊಂಟ ತಿರುಗಿಸುತ್ತಲೇ ಗುಬ್ಬಚ್ಚಿ ಅವಳನ್ನು ಕಂಡಳು. “ಅಯ್ಯೋ, ಬಂಡೆಯವರೇ! ಕೊನೆಗೂ ಬಂದ್ರಾ! ನನಗೆ ಗೊತ್ತಿತ್ತು.” ಹಲ್ಲು ಕಟಕಟ ಅನ್ನುತ್ತಿದ್ದರೂ ಮುಖ ಅರಳಿತ್ತು. “ನೋಡಿ, ನಾನು ಊಟ ಮುಗಿಸಿ ಹೊರಟೆನಾ, ಅರ್ಜೆಂಟಾಯ್ತು. ಯಾರಿಗೂ ಕಾಣಬಾರದು ಅಂತ ಬಹಳ ಒಳಗೆ ಹೋದೆ. ಇಷ್ಟೊಂದು ಬಟ್ಟೆ, ಒಂದು ಬಿಚ್ಚಿದ್ರೆ ಇನ್ನೊಂದು. ಮುಳ್ಳು ಹೋಗಿ ಪ್ಯಾಂಟಿಗೆ ಸಿಕ್ಕಿಹಾಕ್ಕೊಳ್ತು. ಬಿಡಿಸಿಕೊಳ್ಳೋದ್ರಲ್ಲಿ ಸಾಕುಸಾಕಾಯ್ತು. ಇಲ್ಲಿಗೆ ಬಂದ್ರೆ ಹಳದಿ ಕಾಗದಾನೇ ಇಲ್ಲ. ಗಿಡುಗನವರು ಇಡೋದು ಮರೆತ್ರು ಅಂದ್ಕೊಂಡೆ.”

“ಎಡಕ್ಕೂ ಹೋಗ್ಲಿಲ್ಲ, ಬಲಕ್ಕೂ ಹೋಗ್ಲಿಲ್ಲ?”

“ಯಾಕೆ ಹೋಗ್ಲಿ? ನೀವು ಹಿಂದೆ ಇದ್ದೀರಲ್ಲ. ಬಂಡೆಯವರು ಬರ್ದೇ ಇರ್ತಾರಾ, ಬಂದ ಮೇಲೆ ಒಟ್ಟಿಗೆ ಇಳಿಯೋಣ ಅಂತ ನಿಂತೆ. ಚಳಿಗೆ ಕವಾಯತು ಶುರು ಮಾಡಿದೆ. ಇವತ್ತು ಊಟ ಮುಗಿಸೋಕೆ ನೀವು ಬಹಳ ಹೊತ್ತು ತಗೊಂಡ್ರಿ ಬಿಡಿ.”

ಇಷ್ಟು ಹೊತ್ತೂ ಅವಳು ನಿಂತಲ್ಲೇ ನಿಂತಿದ್ದಳು. ಬೆಳಿಗ್ಗೆ ತನ್ನನ್ನು ಹೀಯಾಳಿಸಿದವಳು ತನ್ನ ಹಿಂದೆ ಇದ್ದೇ ಇರುತ್ತಾಳೆಂದು ನಂಬಿಕೊಂಡು. ಮಾಲ್ಸುನ್‌ಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಅವಳು ಗುಬ್ಬಚ್ಚಿಯ ಎರಡೂ ಕೈ ಹಿಡಿದು ಉಜ್ಜಿದಳು, ಕೈ ಕಾಯಿಸಲು ತನ್ನ ಜೇಬಿನಲ್ಲಿಟ್ಟಿದ್ದ ಬಿಸಿ ಪೊಟ್ಟಣಗಳನ್ನೆಲ್ಲ ಅವಳ ಅಂಗಿಯೊಳಗೆ ತುರುಕಿದಳು. ಫ್ಲಾಸ್ಕಿನ ಶುಂಠಿ ಚಹಾ ಬಗ್ಗಿಸಿ ಕುಡಿಸಿದಳು. ಏನೂ ಹೇಳದೆ ಇಲ್ಲಿಂದ ಇಳಿದುಬಿಡಬಹುದಿತ್ತು. ನಂಬಿದವಳ ನಂಬಿಕೆ ಹಾಗೇ ಉಳಿಯುತ್ತಿತ್ತು, ತನ್ನ ಮರ್ಯಾದೆಯೂ ಉಳಿಯುತ್ತಿತ್ತು. ಕೆಂಪು ಮೂಗಿನ ಆ ಮುಖ ನೋಡುತ್ತ ಹಾಗೆ ಮಾಡಲು ಅವಳಿಂದಾಗಲಿಲ್ಲ.

ಜೇಬಿನಿಂದ ಹಳದಿ ಹಾಳೆ ತೆಗೆದು ಹಿಡಿದಳು. “ಗಿಡುಗನವರು ಮರೆತಿರ್ಲಿಲ್ಲ. ನಾನು ಎತ್ಕೊಂಡೆ. ಕೊನೇಲಿ ಬರೋಳು ಎತ್ಕೋಬೇಕು, ಅದು ನನ್ನ ಕೆಲಸ. ನೀವು ಮುಂದೆ ಇದ್ದೀರಿ ಅಂದ್ಕೊಂಡೆ.”

ಗುಬ್ಬಚ್ಚಿ ಹಾಳೆ ನೋಡಿದಳು. ಮಾಲ್ಸುನ್ ಬಂದ ದಿಕ್ಕು ನೋಡಿದಳು. ಮೇಲಿನಿಂದ ಅಲ್ಲ, ಕೆಳಗಿನಿಂದ.

“ಅಂದ್ರೆ ನೀವು ಆಗ್ಲೇ ಇಳಿದು ಹೋಗಿದ್ರಾ?”

“ಹೂಂ.”

“ಬಸ್ಸಿನ ತನಕ?”

“ಹೂಂ.”

“ಅಂದ್ರೆ ಇಷ್ಟು ಹೊತ್ತು ನನ್ನ ಹಿಂದೆ ಯಾರೂ ಇರ್ಲಿಲ್ಲ?”

ಮಾಲ್ಸುನ್ ತಲೆ ತಗ್ಗಿಸಿದಳು. ಗುಬ್ಬಚ್ಚಿ ಹಿಂದೆ ತಿರುಗಿ, ಕತ್ತಲು ಇಳಿಯುತ್ತಿದ್ದ ಬೆಟ್ಟವನ್ನು ಆಗಷ್ಟೇ ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಇತ್ತ ತಿರುಗಿದಾಗ ಅವಳ ಮುಖವೇ ಬೇರೆಯಾಗಿತ್ತು.

“ನಿಮ್ಮ ವಯಸ್ಸೆಷ್ಟು?”

“ಏನು?”

“ವಯಸ್ಸು ಕೇಳ್ತಿದ್ದೀನಿ! ಸಂಘದ ನಿಯಮ ಹಾಳಾಗಿ ಹೋಗ್ಲಿ. ಯಾವ ವರ್ಷದೋರು? ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದ್ದು?”

“ಕುದುರೆ,” ಎಂದಳು ಮಾಲ್ಸುನ್ ಸಣ್ಣ ದನಿಯಲ್ಲಿ.

“ಕುದುರೆಯಾ! ನಂದು ಡ್ರ್ಯಾಗನ್ ಕಣೇ! ನಿನಗಿಂತ ಎರಡು ವರ್ಷ ದೊಡ್ಡೋಳು! ಮೂರು ಸಲದಿಂದ ನೋಡ್ತಿದ್ದೀನಿ, ಬೇಗ ನಡೀರಿ, ಬೇಗ ನಡೀರಿ ಅಂತ ನನ್ನ ಜೀವ ತಿಂತಿದ್ದೀಯ. ನಾನೂ ಎಷ್ಟು ಸುಮ್ಮನಿರ್ಲಿ? ದೊಡ್ಡೋರಿರಬೇಕು ಪಾಪ ಅಂತ ಬಾಯಿ ಮುಚ್ಕೊಂಡಿದ್ದೆ! ಹೂವು ಬಿಡುತ್ತಂತೆ ಹೂವು! ಕಾಗದ ಎತ್ಕೊಳ್ಳೋಕೆ ಮುಂಚೆ ಒಂದ್ಸಲ ಹಿಂದೆ ತಿರುಗಿ ನೋಡೋಕೆ ನಿನ್ನ ಕತ್ತಿಗೇನು ಬಂದಿತ್ತು ರೋಗ? ನಾನು ಇಲ್ಲಿ ಮಂಗನ ಥರ ಕೈಕಾಲು ಆಡಿಸ್ಕೊಂಡು...”

ಆ ಪುಟ್ಟ ಹೆಂಗಸಿನೊಳಗೆ ಅಷ್ಟು ದೊಡ್ಡ ದನಿ ಎಲ್ಲಿ ಕೂತಿತ್ತೋ. ಪೈನ್ ಮರಗಳೇ ಬೆಚ್ಚಿದಂತೆ ಹಿಮ ಉದುರಿಸಿದವು. ಮಾಲ್ಸುನ್ ಮಾರುಕಟ್ಟೆಯಲ್ಲಿ ಬೈಗುಳದ ರುಚಿ ಕಂಡವಳೇ, ಒಂದಕ್ಕೆ ಎರಡು ತಿರುಗಿಸಿ ಕೊಡುವವಳೇ. ಆದರೆ ಇಷ್ಟು ಇಂಪಾದ ಬೈಗುಳ ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬದುಕಿದವರು ಮಾತ್ರ ಹೀಗೆ ಬೈಯಬಲ್ಲರು. ಅವಳು ಅಳುತ್ತ ನಗುತ್ತ ನಿಂತಳು.

“ತಪ್ಪಾಯ್ತು ಅಕ್ಕ.”

“ಅಕ್ಕನಂತೆ! ಈಗ ನೆನಪಾಯ್ತಾ ಅಕ್ಕ!”

ವಾಕಿಟಾಕಿ ಗೊರಗುಟ್ಟಿತು. ಗಿಡುಗನ ಗಾಬರಿಯ ದನಿ. “ಬಂಡೆಯವರೇ, ಏನಾದ್ರೂ ಕಾಣಿಸ್ತಾ?”

“ಸಿಕ್ಕಿದ್ರು. ಕವಲಿನಲ್ಲೇ ನಿಂತಿದ್ರು.”

“ಅಬ್ಬಾ! ಹೇಗಿದ್ದಾರೆ? ಪ್ರಜ್ಞೆ ಇದ್ಯಾ?”

ಮಾಲ್ಸುನ್ ಉತ್ತರಿಸದೆ ವಾಕಿಟಾಕಿಯ ಗುಂಡಿ ಒತ್ತಿ ಗುಬ್ಬಚ್ಚಿಯ ಕಡೆ ಚಾಚಿದಳು. “...ಸೌತೆಕಾಯಿ ತಿನ್ನಲ್ಲ ಅಂತ ಅದಕ್ಕೂ ಅವತ್ತು ಆಡಿಕೊಂಡೆಯಲ್ಲ, ನನಗೆ ಮರೆತಿದೆ ಅಂದ್ಕೊಂಡ್ಯಾ?...” ಕೆಳಗಿನ ಹೋಟೆಲಿನಿಂದ ಮೂವತ್ತು ಜನರ ಹೋ ಎಂಬ ಕೂಗು, ಚಪ್ಪಾಳೆ, ಮೇಜು ಬಡಿಯುವ ಸದ್ದು ಆ ಸಣ್ಣ ಪೆಟ್ಟಿಗೆಯೊಳಗಿಂದ ಕಿವಿ ಒಡೆಯುವಂತೆ ಬಂತು. ಯಾರೋ ಬಿಕ್ಕುತ್ತಿದ್ದರು, ಬಸ್ಸಿನ ಚಾಲಕನೇ ಇರಬೇಕು.

ಇಬ್ಬರೂ ತಲೆದೀಪ ಹಚ್ಚಿಕೊಂಡು ಇಳಿಯತೊಡಗಿದರು. ಅರ್ಧ ದಾರಿಯಲ್ಲಿ, ಒಂದು ಬಂಡೆಯ ಮಗ್ಗುಲಲ್ಲಿ, ಮೇಲೇರಿ ಬಂದ ರಕ್ಷಣಾ ಪಡೆಯ ಇಬ್ಬರು ತರುಣರು ಸಿಹಿಗೆಣಸುವನ್ನು ಬೆಳ್ಳಿಬಣ್ಣದ ಹೊದಿಕೆಯಲ್ಲಿ ಸುತ್ತಿ ಕೂರಿಸಿ, ಬಾಯಿಗೆ ಬಿಸಿನೀರು ಹಿಡಿದಿದ್ದರು.

“ನಾನು ಗುಬ್ಬಚ್ಚಿ ಅಲ್ಲ ಅಂತ ಎಷ್ಟು ಹೇಳಿದ್ರೂ ಕೇಳ್ತಿಲ್ಲ,” ಎಂದು ಅವನು ಗೋಳಾಡಿದ. “ಗೊಂದಲ ಆಗಿದೆ, ಮಾತಾಡ್ಬೇಡಿ ಅಂತಾರೆ.” ಆದರೆ ಹೊದಿಕೆ ಬೆಚ್ಚಗಿತ್ತೆಂದು ಕಾಣುತ್ತದೆ, ಬಿಚ್ಚಿ ಕೊಡಲಿಲ್ಲ.

ತರುಣರು ಗುಬ್ಬಚ್ಚಿಯ ನಾಡಿ ನೋಡಿ, ಬೆರಳುಗಳನ್ನು ಒತ್ತಿ ನೋಡಿ, ಏನೂ ಆಗಿಲ್ಲ, ಇಳಿದು ಬಿಸಿ ಸಾರು ಕುಡಿದರೆ ಸಾಕು ಎಂದರು. ಅವರಲ್ಲೊಬ್ಬ ಮೇಲಿನವರಿಗೆ ವರದಿ ಕೊಡಬೇಕಿತ್ತು.

“ಈಗಲಾದ್ರೂ ಹೆಸರು ಹೇಳ್ತೀರಾ ಅಮ್ಮ?”

“ತಕ್ ಒಕ್ಬುನ್,” ಎಂದಳು ಅವಳು.

ಹಿಂದೆ ನಿಂತ ಮಾಲ್ಸುನ್ ಆ ಹೆಸರನ್ನು ತುಟಿಯೊಳಗೇ ಒಮ್ಮೆ ಹೇಳಿಕೊಂಡಳು. ಹಳೆಯ ಕಾಲದ, ಗಟ್ಟಿಮುಟ್ಟಾದ ಹೆಸರು. ಮಾರುಕಟ್ಟೆಯಲ್ಲಿ ಹತ್ತು ಅಂಗಡಿಯಾಚೆಗೂ ಕೇಳುವಂತೆ ಕೂಗಬಹುದಾದ ಹೆಸರು.

ತರುಣರು ಸಿಹಿಗೆಣಸುವಿನ ಎರಡೂ ಕಡೆ ಹೆಗಲು ಕೊಟ್ಟು ಮುಂದೆ ಹೊರಟರು. ಅವರ ಹಿಂದೆ ಒಕ್ಬುನ್, ಒಕ್ಬುನ್‌ಳ ಹಿಂದೆ ಮಾಲ್ಸುನ್. ಪಟ್ಟಿ ಬಿಚ್ಚಿಕೊಂಡಾಗ ಒಕ್ಬುನ್ ಕೂರಲಿಲ್ಲ, ಸುಮ್ಮನೆ ಕಾಲು ಹಿಂದಕ್ಕೆ ಚಾಚಿದಳು. ಮಾಲ್ಸುನ್ ಹಿಮದಲ್ಲಿ ಮಂಡಿಯೂರಿ ಬಿಗಿದು ಕಟ್ಟಿದಳು. ಬೈಗುಳ ಮಾತ್ರ ನಿಲ್ಲದೆ ಸಾಗಿತ್ತು. ಮಾಲ್ಸುನ್‌ಳ ಅಡುಗೆ ಹೇಗಿರಬಹುದು ಎಂಬಲ್ಲಿಗೆ ಬಂತು, ಅವಳನ್ನು ಹೆತ್ತವರು ಏನು ಕಲಿಸಿದರು ಎಂಬಲ್ಲಿಗೆ ಹೋಯಿತು. ಮಾಲ್ಸುನ್ ಒಂದೊಂದಕ್ಕೂ ‘ಹೂಂ ಅಕ್ಕ, ಹೌದು ಅಕ್ಕ’ ಎನ್ನುತ್ತ ಬಂದಳು. ಕಾಲು ಸೋತಿದ್ದವು, ಮನಸ್ಸು ಹಗುರವಾಗಿತ್ತು. ಅಂಗಡಿಯಲ್ಲಿ ನಾಳೆ ಎಷ್ಟು ಗಿರಾಕಿಗಳು ಗೊಣಗಿದರೂ ಗೊಣಗಲಿ ಎನ್ನಿಸುತ್ತಿತ್ತು.

ಕೆಳಗೆ ಬಸ್ಸಿನ ದೀಪಗಳು ಮರಗಳ ಸಂದಿಯಲ್ಲಿ ಕಾಣುವ ಹೊತ್ತಿಗೆ ಮುಂದಿನ ದನಿ ತಟ್ಟನೆ ನಿಂತಿತು. ಬರೀ ಹಿಮ ಮುರಿಯುವ ಸದ್ದು. ಮಾಲ್ಸುನ್ ಎರಡು ಹೆಜ್ಜೆ ಹತ್ತಿರ ಬಂದು ಅವಳ ಚೀಲವನ್ನು ಗಟ್ಟಿಯಾಗಿ ಹಿಡಿದಳು.

“ಅಕ್ಕಾ? ಯಾಕೆ ಸುಮ್ಮನಾದ್ರಿ? ಏನಾಯ್ತು?”

“ಏನೂ ಆಗಿಲ್ಲ ಕಣೇ,” ಎಂದಳು ಒಕ್ಬುನ್ ತಿರುಗದೆ. “ಉಸಿರು ತಗೋತಿದ್ದೀನಿ. ಇನ್ನೂ ಬೇಕಾದಷ್ಟಿದೆ.”

“ಬೈರಿ ಅಕ್ಕ,” ಎಂದಳು ಮಾಲ್ಸುನ್. “ನಿಧಾನಕ್ಕೆ ಬೈರಿ. ನಾನು ಇಲ್ಲೇ ಇದ್ದೀನಿ.”